ಡಾಂಬರಿಗೆ ಮೊದಲು ಚರಂಡಿಗೆ ದುಡ್ಡು ಇಡಿ

ಮಲೆನಾಡಿನಲ್ಲಿ ರಸ್ತೆ ಯಾಕೆ ಉಳಿಯುವುದಿಲ್ಲ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ನಮ್ಮ ಮಳೆಗೆ ಯಾವ ರಸ್ತೆ ತಡೆಯುತ್ತದೆ ಮಾರಾಯ?" ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ನಿಜ. ಆದರೂ ನಾನು ಈ ಉತ್ತರ ಒಪ್ಪುವುದಿಲ್ಲ. ಬಿದ್ದ ನೀರಿಗೆ ಹರಿದು ಹೋಗಲು ದಾರಿ ಇದ್ದರೆ ಜೋರು ಮಳೆಗೂ ರಸ್ತೆ ತಡೆಯುತ್ತದೆ. ನಾವು ದಾರಿ ಬಿಟ್ಟಿಲ್ಲ.

ರಸ್ತೆ ಹೇಗೆ ಸಾಯುತ್ತದೆ ಅಂತ ಸ್ವಲ್ಪ ನೋಡಿ. ಡಾಂಬರು ಜಲ್ಲಿಗೆ ಅಂಟಿಕೊಂಡಿದ್ದರೆ ಮಾತ್ರ ಅದು ರಸ್ತೆ. ನೀರು ನಿಂತರೆ ಬಿರುಕಿನಲ್ಲಿ ಇಳಿದು ಆ ಅಂಟು ಬಿಡಿಸುತ್ತದೆ. ಇನ್ನೂ ದೊಡ್ಡ ಹಾನಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪಕ್ಕದ ಚರಂಡಿ ತುಂಬಿಕೊಂಡಿದ್ದರೆ ನೀರು ಬದಿಯಿಂದ ರಸ್ತೆಯ ಅಡಿಗೆ ಬಸಿಯುತ್ತದೆ. ಅಡಿಯ ಮಣ್ಣು ಮೆತ್ತಗಾಗುತ್ತದೆ. ಅದರ ಮೇಲೆ ಜಲ್ಲಿ ತುಂಬಿದ ಟಿಪ್ಪರ್ ಹೋದರೆ ಕುಸಿಯದೆ ಏನಾಗುತ್ತದೆ? ಕುಸಿದಲ್ಲಿ ಮತ್ತೆ ನೀರು ನಿಲ್ಲುತ್ತದೆ. ಚಕ್ರ ಬಿದ್ದಾಗಲೆಲ್ಲ ಆ ನೀರು ಜಲ್ಲಿಯನ್ನು ಕಿತ್ತು ಹೊರಗೆ ಎಸೆಯುತ್ತದೆ. ಅಂಗೈ ಅಗಲದ ಗುಂಡಿ ಒಂದು ವಾರದ ಆರಿದ್ರಾ ಮಳೆಗೆ ಬೈಕ್ ಬೀಳಿಸುವಷ್ಟು ಆಗುತ್ತದೆ.

ಜಾಸ್ತಿ ಮಳೆಯ ಜಾಗದಲ್ಲಿ ಡಾಂಬರು ರಸ್ತೆಯ ನಡು ಎತ್ತರ ಇರಬೇಕು, ಎರಡೂ ಅಂಚಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರು ಬೇಕು ಅನ್ನುವುದು ಎಂಜಿನಿಯರುಗಳ ಲೆಕ್ಕ. ಅಂದರೆ 7 ಮೀಟರ್ ಅಗಲದ ರಸ್ತೆಗೆ ನಡುವಿನಲ್ಲಿ ಸುಮಾರು 9 ಸೆಂಟಿಮೀಟರ್ ಏರು. ಆದರೆ ಅಂಚಿಗೆ ಇಳಿದ ನೀರನ್ನು ತೆಗೆದುಕೊಳ್ಳಲು ಅಲ್ಲಿ ಚರಂಡಿ ಇರಬೇಕು ಅಲ್ವಾ?

ಅಡಿಕೆ ತೋಟ ಇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸದೆ ಬರೀ ಗೊಬ್ಬರಕ್ಕೆ ದುಡ್ಡು ಸುರಿಯುವವರು ನಮ್ಮಲ್ಲಿ ಇಲ್ಲ. ಬೇರು ನೀರಿನಲ್ಲಿ ನಿಂತರೆ ಮರ ಹೋಯಿತು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ನಾವು ಊರಿನ ವಿಷಯಕ್ಕೆ ಬಂದರೆ ಮಾತ್ರ ಡಾಂಬರು ಕೇಳುತ್ತೇವೆ. ಚರಂಡಿ ಕೇಳುವುದಿಲ್ಲ.

ನಮ್ಮ ಬೀದಿಯಲ್ಲಿ ಹಳೆ ಡಾಂಬರನ್ನು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾ ಬಂದಿದ್ದಾರೆ. ಈಗ ರಸ್ತೆ ಎತ್ತರ, ಅಂಗಳ ತಗ್ಗು. ಜೋರು ಮಳೆಗೆ ರಸ್ತೆಯ ನೀರು ಸೀದಾ ಗೇಟಿನೊಳಗೆ ಬರುತ್ತದೆ. ಚರಂಡಿಯ ಮೇಲೆ ಕಾರು ಹತ್ತಿಸಲು ಮನೆಮನೆಗೂ ಸಿಮೆಂಟ್ ಹಾಕಿಕೊಂಡಿದ್ದಾರೆ, ಕೆಳಗಿನ ಹೂಳು ತೆಗೆಯಲು ಕೈ ತೂರಿಸುವಷ್ಟೂ ಜಾಗ ಇಲ್ಲ. ತೆಗೆದ ಕಡೆಯಲ್ಲೂ ಹೂಳನ್ನು ದಂಡೆ ಮೇಲೇ ಬಿಟ್ಟು ಹೋಗುತ್ತಾರೆ. ಮೊದಲ ಮಳೆಗೆ ಅದು ವಾಪಸ್ ಒಳಗೆ. ಕೂಲಿ ಕೊಟ್ಟ ದುಡ್ಡು ನಮ್ಮದೇ, ಹಾಗಾಗಿ ಹೊಟ್ಟೆ ಉರಿಯುತ್ತದೆ.

ದೊಡ್ಡ ಊರಿಗೂ ಇದೇ ಗತಿ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2019ರ ಆಗಸ್ಟ್ ಮಳೆಗೆ ಅಲ್ಲಿನ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ತುಂಗೆ ತುಂಬಿ ಹರಿಯುವಾಗ ಚರಂಡಿ ನೀರು ಹೊಳೆಗೆ ಇಳಿಯುವುದಿಲ್ಲ, ಹಿಂದಕ್ಕೆ ಒತ್ತುತ್ತದೆ. ಆ ಹೊತ್ತಿನಲ್ಲಿ ನೀರು ತಡೆದು ನಿಲ್ಲಿಸಿಕೊಳ್ಳುತ್ತಿದ್ದದ್ದು ಗದ್ದೆ, ಕೆರೆಗಳು. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು?

ಈಗ ದುಡ್ಡಿನ ಮಾತು. ದುಡ್ಡೇ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಕೇಂದ್ರದ ದುಡ್ಡನ್ನು ರಾಜ್ಯ, ಊರುಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನವನ್ನೇ ತೆಗೆದುಕೊಳ್ಳಿ. ನಮ್ಮಂಥ ಸಣ್ಣ ಊರುಗಳ ಪಾಲಿನಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ 40 ಭಾಗವನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ, ಊರಿನ ಬೇರೆ ಅಗತ್ಯಕ್ಕೆ ಬಳಸಬಹುದಿತ್ತು. ಚರಂಡಿ ಅಗತ್ಯ ಅಲ್ಲದೆ ಇನ್ನೇನು? ಆದರೆ ಕ್ರಿಯಾಯೋಜನೆ ಮಾಡುವಾಗ ಕಣ್ಣಿಗೆ ಕಾಣುವ ಕೆಲಸಕ್ಕೇ ಎಲ್ಲರ ಒಲವು. ಕಪ್ಪಗೆ ಹೊಳೆಯುವ ರಸ್ತೆ ಫೋಟೋಗೆ ಬರುತ್ತದೆ. ನೆಲದೊಳಗಿನ ಮೋರಿ ಬರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ದೊಡ್ಡ ಮೋರಿ, ಬಾಕ್ಸ್ ಚರಂಡಿ ಕಟ್ಟಲು ಅನುದಾನ ಬಳಸಲಿ, ಮನೆ ಕಂದಾಯದಿಂದ ಅದು ಆಗದ ಮಾತು. ವರ್ಷ ವರ್ಷ ಹೂಳು ತೆಗೆಯುವುದಕ್ಕೆ ಮಾತ್ರ ನಮ್ಮ ಕಂದಾಯದಲ್ಲೇ ಒಂದು ಪಾಲು ಪ್ರತ್ಯೇಕವಾಗಿ ತೆಗೆದಿಡಲಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ಅದಕ್ಕಾಗಿ ಕಂದಾಯ ಸ್ವಲ್ಪ ಏರಿಸಿದರೆ ನಾನು ಕೊಡಲು ತಯಾರು. ಈ ಮಾತಿಗೆ ನೀವು ಬೈಯಬಹುದು, ಆದರೂ ಹೇಳುತ್ತೇನೆ. ಪ್ರತಿ ಮಳೆಗಾಲದಲ್ಲಿ ಬೈಕಿನ ಶಾಕ್ ಅಬ್ಸಾರ್ಬರ್‌ಗೆ, ಬೆನ್ನುನೋವಿಗೆ ಸುಮ್ನೆ ಕೊಡುತ್ತಿರುವ ದುಡ್ಡಿಗಿಂತ ಅದು ಕಡಿಮೆಯೇ ಆದೀತು. ಬಡವರ ಸಣ್ಣ ಮನೆಗಳಿಗೆ ಏರಿಕೆ ಬೇಡ. ಯಾವ ವಾರ್ಡಿನಲ್ಲಿ ಎಷ್ಟು ಖರ್ಚಾಯಿತು ಅಂತ ಕಚೇರಿಯ ಬಾಗಿಲಲ್ಲೇ ಬೋರ್ಡ್ ಹಾಕಬೇಕು. ಮತ್ತೆ ಒಂದು ಷರತ್ತು, ಚರಂಡಿ ಸರಿಯಾಗದ ಬೀದಿಗೆ ಹೊಸ ಡಾಂಬರು ಹಾಕಬಾರದು. ನಮ್ಮ ಬೀದಿಗೂ ಬೇಡ.

ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಭೆ ಕರೆಯುತ್ತಾರೆ, ಹೋಗುವವರು ಕಡಿಮೆ. ಈ ಸಲ ಹೋಗೋಣ. ಹೂಳು ತೆಗೆಯುವ ಟೆಂಡರ್ ಏಪ್ರಿಲ್‌ನಲ್ಲೇ ಆಗಬೇಕು, ಮೃಗಶಿರ ಮಳೆ ಹಿಡಿಯುವ ಮುಂಚೆ ಹೂಳು ಊರಾಚೆ ಸಾಗಬೇಕು ಅಂತ ಬರವಣಿಗೆಯಲ್ಲೇ ಕೊಡೋಣ. ನಮ್ಮ ಬೀದಿಯವರು ಅರ್ಜಿ ಬರೆದಿಟ್ಟಿದ್ದೇವೆ. ನಿಮ್ಮ ವಾರ್ಡಿಗೂ ಬೇಕಾದರೆ ಕಾಮೆಂಟ್ ಮಾಡಿ, ಪ್ರತಿ ಕಳಿಸುತ್ತೇನೆ.