ಖಾಲಿ ದೋಸೆ ಮತ್ತು ಫುಲ್ ಸ್ಟ್ಯಾಕ್

ಜಯದೇವ ಸರ್ಕಲ್ಲಿನಿಂದ ವಿದ್ಯಾನಗರದ ತನಕ ಒಂದು ಸುತ್ತು ಹಾಕಿ ಬಂದರೆ ಸಾಕು, ದಾವಣಗೆರೆಯಲ್ಲಿ ನಿರುದ್ಯೋಗ ಅನ್ನೋದೇ ಮುಗಿದು ಹೋಯಿತೇನೋ ಅನ್ನಿಸುತ್ತದೆ. ಕಂಬಕ್ಕೊಂದು ಸಾಫ್ಟ್‌ವೇರ್ ಕೋರ್ಸಿನ ಫ್ಲೆಕ್ಸ್. ಕೋಟು ತೊಟ್ಟ ಬಿಳಿಯನೊಬ್ಬ ಲ್ಯಾಪ್‌ಟಾಪ್ ನೋಡಿ ನಗುತ್ತಿರುತ್ತಾನೆ; ಯಾವ ಬ್ಯಾಚಿನವನೋ ಪುಣ್ಯಾತ್ಮ. ಕೆಳಗೆ, ಮೂರೇ ತಿಂಗಳಲ್ಲಿ ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಕಣ್ಣಿಗೆ ಕಾಣುವ ಪುಟದಿಂದ ಹಿಂದಿನ ಡೇಟಾಬೇಸಿನ ತನಕ ಎಲ್ಲವನ್ನೂ ಕಟ್ಟುವ ವಿದ್ಯೆ), ಯಾವ ಡಿಗ್ರಿಯಾದರೂ ಸರಿ, ವಯಸ್ಸೆಷ್ಟಾದರೂ ಸರಿ, 100% ಪ್ಲೇಸ್‌ಮೆಂಟ್. ಆ ‘ಪ್ಲೇಸ್‌ಮೆಂಟ್’ ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ‘ಅಸಿಸ್ಟೆನ್ಸ್’ ಅಂತ ಇನ್ನೊಂದು ಪದ ಇರುತ್ತದೆ. ಬೈಕಿನಲ್ಲಿ ಹೋಗುವವರಿಗೆ ಕಾಣದು. ಕಾಣಲೂಬಾರದು.

ಅಸಿಸ್ಟೆನ್ಸ್ ಅಂದರೆ ವಾಟ್ಸಾಪ್ ಗ್ರೂಪು. ಜಾಬ್ ಪೋರ್ಟಲ್ಲಿನಲ್ಲಿ ಊರಿಗೆಲ್ಲ ಕಾಣುವ ವಾಕ್-ಇನ್ ಲಿಂಕನ್ನೇ ತಂದು ಅಲ್ಲಿ ಹಾಕುತ್ತಾರೆ. ನೀವು ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಕ್ಯೂ ನಿಂತು ವಾಪಸ್ ಬಂದರೆ ಅಸಿಸ್ಟೆನ್ಸ್ ನೂರಕ್ಕೆ ನೂರು ಆಯಿತು. ಲೆಕ್ಕ ಚುಕ್ತಾ.

ಸಿಲಬಸ್ ನೋಡಿದರಂತೂ ಕೈ ಮುಗಿಯಬೇಕು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ನೋಡ್, ಎಕ್ಸ್‌ಪ್ರೆಸ್, ಮಾಂಗೋಡಿಬಿ, ಜಾವಾ, ಸ್ಪ್ರಿಂಗ್ ಬೂಟ್, ಎಸ್‌ಕ್ಯೂಎಲ್, ಗಿಟ್, ಡಾಕರ್, ಎಡಬ್ಲ್ಯೂಎಸ್, ಕೊನೆಗೆ ದೇವರ ಮೇಲೆ ಹೂವಿಟ್ಟಂತೆ ಎಐ. ಒಟ್ಟು 14. ಭಾನುವಾರ ಬಿಟ್ಟು ತಿಂಗಳಿಗೆ 26 ದಿನ, ದಿನಕ್ಕೆ 2 ಗಂಟೆ, ಮೂರು ತಿಂಗಳಿಗೆ 156 ಗಂಟೆ. ಹಂಚಿದರೆ ಒಂದೊಂದಕ್ಕೆ 11 ಗಂಟೆ ಚಿಲ್ಲರೆ. ಅದರಲ್ಲಿ ಮೊದಲ ದಿನ ಜಾವಾ ಇನ್‌ಸ್ಟಾಲ್ ಆಗುವುದಿಲ್ಲ, ಎರಡನೇ ದಿನ ಪಾತ್ ಸೆಟ್ ಆಗಿರುವುದಿಲ್ಲ, ಮೂರನೇ ದಿನ ಕರೆಂಟು. 4 ಜಿಬಿ ರ‍್ಯಾಮಿನ ಲ್ಯಾಬ್ ಸಿಸ್ಟಮ್ಮಿನಲ್ಲಿ ಡಾಕರ್ ಓಪನ್ ಮಾಡಿದರೆ ಟೀ ಕುಡಿದು ಬರಬಹುದು, ದೋಸೆಯನ್ನೂ ತಿಂದು ಬರಬಹುದು.

ದೋಸೆ ಅಂದ ಮೇಲೆ ಒಂದು ಮಾತು. ನಮ್ಮೂರ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಒಂದು ಸತ್ಯಸಂಧತೆ ಇದೆ. ಖಾಲಿ ದೋಸೆಯನ್ನು ‘ಖಾಲಿ’ ಅಂತ ಬಾಯಿಬಿಟ್ಟು ಹೇಳಿಯೇ ಕೊಡುತ್ತಾರೆ. ಅದಕ್ಕೆ ಬೆಣ್ಣೆ ದೋಸೆಯ ರೇಟು ಹಾಕಿ, ಮೇಲೊಂದು ಸರ್ಟಿಫಿಕೇಟು ಇಟ್ಟು ಕೊಡುವುದಿಲ್ಲ. ಕಾವಲಿ ಗಿರಾಕಿಯ ಕಣ್ಣೆದುರಿಗೇ ಇರುತ್ತದೆ, ಹುಯ್ಯುವ ಕೈ ಯಾರದೆಂದು ಕಾಣುತ್ತದೆ. ಕೋರ್ಸಿನವರನ್ನು ‘ಪಾಠ ಹೇಳುವವರು ಯಾರು’ ಅಂತ ಕೇಳಿ ನೋಡಿ. ‘ಇಂಡಸ್ಟ್ರಿ ಎಕ್ಸ್‌ಪರ್ಟ್ ಸರ್.’ ಹೆಸರು? ‘ಬ್ಯಾಚ್ ಶುರುವಾದ ಮೇಲೆ ಗೊತ್ತಾಗುತ್ತೆ ಸರ್.’ ಎಕ್ಸ್‌ಪರ್ಟು ಕಳೆದ ಬ್ಯಾಚಿನಲ್ಲಿ ಪಾಸಾಗಿ ಎಲ್ಲೂ ಕೆಲಸ ಸಿಗದ ಹುಡುಗ.

ಫ್ಲೆಕ್ಸಿನ ಮೂಲೆಯಲ್ಲಿ ಎರಡು ಮುದ್ರೆ ಇರುತ್ತವೆ. ಒಂದು ಐಎಸ್‌ಒ 9001. ಅದು ಸಂಸ್ಥೆಯ ಆಡಳಿತ ಕ್ರಮಕ್ಕೆ ಸಿಗುವ ಕಾಗದ. ಪಾಠದಲ್ಲಿ ಹುರುಳಿದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಇನ್ನೊಂದು ‘ಭಾರತ ಸರ್ಕಾರದಿಂದ ನೋಂದಾಯಿತ’. ಬಹುತೇಕ ಅದು ಉದ್ಯಮ್ ನೋಂದಣಿ. ಆನ್‌ಲೈನಿನಲ್ಲಿ ಪುಕ್ಕಟೆ, ನಮ್ಮ ಮಾಹಿತಿ ನಾವೇ ತುಂಬಿದರಾಯಿತು. ಮಂಡಕ್ಕಿ ಭಟ್ಟಿಯವರಿಗೂ ಅದೇ ನೋಂದಣಿ ಸಿಗುತ್ತದೆ, ಅವರು ಮಾತ್ರ ಅದನ್ನು ಮಂಡಕ್ಕಿ ಚೀಲದ ಮೇಲೆ ಬರೆದುಕೊಂಡು ಮೆರೆಯುವುದಿಲ್ಲ.

ಡೇಟಾ ಸೈನ್ಸ್ ಕೋರ್ಸಿನದು ಬೇರೆಯೇ ವೈಭವ. ಅದಕ್ಕೆ ‘ಲೈವ್ ಪ್ರಾಜೆಕ್ಟ್’ ಇರುತ್ತದೆ. ಲೈವ್ ಅಂದರೆ 1912ರಲ್ಲಿ ಮುಳುಗಿದ ಟೈಟಾನಿಕ್! ಕಲಿಯುವವರಿಗೆಂದು ನೆಟ್ಟಿನಲ್ಲಿ ಇಟ್ಟಿರುವ 891 ಪ್ರಯಾಣಿಕರ ಪಟ್ಟಿ, ಅದರಲ್ಲಿ ಬದುಕಿದವರು 342, ವಯಸ್ಸು ಬರೆಯದೆ ಬಿಟ್ಟದ್ದು 177 ಮಂದಿಯದು. ಯಾರು ಸತ್ತರು, ಯಾರು ಬದುಕಿದರು ಅಂತ ನಮ್ಮ ಹುಡುಗರು ಭವಿಷ್ಯ ನುಡಿಯಬೇಕು. ಮೂರು ತಿಂಗಳು ಬೆವರು ಸುರಿಸಿದ ಮೇಲೆ 80% ಸರಿ ಬರುತ್ತದೆ, ಚಪ್ಪಾಳೆ. ‘ಹೆಂಗಸರೆಲ್ಲ ಬದುಕಿದರು, ಗಂಡಸರೆಲ್ಲ ಸತ್ತರು’ ಅಂತ ಒಂದೇ ಸಾಲು ಬರೆದರೂ 78.7% ಸರಿ ಬರುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ರೆಸ್ಯೂಮೆ ನೋಡುವವರು ಈ ಹಡಗನ್ನು ಎಷ್ಟು ಸಲ ನೋಡಿದ್ದಾರೆಂದರೆ, ಹೆಸರು ಕಂಡರೆ ಸಾಕು ಅವರಿಗೇ ಸಮುದ್ರರೋಗ ಬರುತ್ತದೆ.

ನಿಜವಾಗಿ ಲೈವ್ ಆದ ಡೇಟಾ ಬೇಕೆಂದರೆ ಪಕ್ಕದಲ್ಲೇ ಎಪಿಎಂಸಿ ಇದೆ. ಮೆಕ್ಕೆಜೋಳದ ಧಾರಣೆ ಕೇಂದ್ರ ಸರ್ಕಾರದ ಜಾಲತಾಣ ಆಗ್‌ಮಾರ್ಕ್‌ನೆಟ್ಟಿನಲ್ಲಿ ದಿನಾ ಸಿಗುತ್ತದೆ, ದುಡ್ಡಿಲ್ಲದೆ. ಇಳಿಸಿಕೊಂಡು ನೋಡಿ: ಮಾರುಕಟ್ಟೆ ರಜೆಯ ದಿನ ಖಾಲಿ ಸಾಲು, ಎಲ್ಲೋ ಒಂದು ಸೊನ್ನೆ ಹೆಚ್ಚು. ಊರಿನ ಹೆಸರಿಗಂತೂ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗು; ‘ಎನ್’ ಆದ ಮೇಲೆ ‘ಎ’ ಇರುವುದೊಂದು, ಇಲ್ಲದ್ದೊಂದು. ನಮಗೆ ಎರಡೂ ದಾವಣಗೆರೆ, ಕಂಪ್ಯೂಟರಿಗೆ ಎರಡು ಬೇರೆ ಊರು. ಈ ಕಸ ಗುಡಿಸುವುದೇ ಡೇಟಾ ಕೆಲಸದ ದೊಡ್ಡ ಪಾಲು. ಅದನ್ನು ಕಲಿಸಲು ಕಲಿಸುವವರಿಗೂ ಬರಬೇಕಲ್ಲ.

ಈಗ ದುಡ್ಡಿನ ವಿಷಯ. ಫೀಸು 75,000 ಅಂದುಕೊಳ್ಳಿ. ಜಿಎಸ್‌ಟಿ 18%, ಅಂದರೆ 13,500. ಒಟ್ಟು 88,500. ‘ಚಿಂತೆ ಬೇಡ ಸರ್, ನೋ ಕಾಸ್ಟ್ ಇಎಂಐ, ಒಂದು ವರ್ಷ, ತಿಂಗಳಿಗೆ ಬರೀ 7,375. ಆಫರ್ ಇವತ್ತು ಸಂಜೆ ಆರಕ್ಕೆ ಕ್ಲೋಸ್.’ ಆಧಾರ್, ಪ್ಯಾನ್, ಒಂದು ಸೆಲ್ಫಿ, ಒಟಿಪಿ. ಮುಗಿಯಿತು. ನೀವು ಫೀಸು ಕಂತಿನಲ್ಲಿ ಕಟ್ಟುತ್ತಿದ್ದೇನೆ ಅಂದುಕೊಂಡಿರುತ್ತೀರಿ. ನಿಜಕ್ಕೂ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಸಾಲ ಕೊಟ್ಟು, ತನ್ನ ಬಡ್ಡಿ ಮುರಿದುಕೊಂಡು, ಉಳಿದದ್ದನ್ನು ಮೊದಲ ದಿನವೇ ಕೋರ್ಸಿನವರ ಖಾತೆಗೆ ಹಾಕಿರುತ್ತದೆ. ಮೇಷ್ಟ್ರು ಎರಡನೇ ತಿಂಗಳು ಬಿಟ್ಟು ಹೋದರೂ, ಶಟರ್ ಎಳೆದರೂ ಕಂತು ನಿಲ್ಲುವುದಿಲ್ಲ. ಕಟ್ಟದಿದ್ದರೆ ಸಿಬಿಲ್ ಕೆಡುವುದು ನಿಮ್ಮದು. ನಾಳೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ತೆಗೆದು ತೋರಿಸುವುದು ಇದನ್ನೇ.

ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಈ ಒಟಿಪಿ ಹೇಳುವವರು ಯಾರು? ಹತ್ತು ವರ್ಷ ಪಾಠ ಮಾಡಿಯೂ ಕಾಯಂ ಆಗದ ಅತಿಥಿ ಉಪನ್ಯಾಸಕರು, ಅಂಗಡಿಯ ಲೆಕ್ಕ ಬರೆಯುವ ಬಿಕಾಂ ಹುಡುಗಿಯರು, ಅಪ್ಪ ಅಡಿಕೆ ಮಾರಿದ ದುಡ್ಡನ್ನು ಮುಂಗಡ ಕಟ್ಟಿ ಬಂದವರು. ಅವರ ಹತ್ತಿರ ಕಳೆಯಲು ಒಂದು ವರ್ಷ ಹೆಚ್ಚಿಗೆ ಇಲ್ಲ. ಅದು ಗೊತ್ತಿದ್ದೇ ಕೋರ್ಸಿನವರು ಫೋನು ಮಾಡುತ್ತಾರೆ, ಹೊತ್ತಿಲ್ಲ ಗೊತ್ತಿಲ್ಲ.

ಕೆಲಸ, ಸಂಬಳದ ಸುಳ್ಳು ಖಾತರಿ ಕೊಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗಿನವರಿಗೆ ನವೆಂಬರ್ 2024ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಆ್ಯಪಿನಲ್ಲಿ ಸಾಲ ತೆಗೆದವರಿಗೆ ರಿಸರ್ವ್ ಬ್ಯಾಂಕ್ 2022ರಲ್ಲೇ ‘ಕೂಲಿಂಗ್ ಆಫ್’ ಅವಧಿ ಕೊಟ್ಟಿದೆ. ಅಷ್ಟರೊಳಗೆ ಅಸಲು, ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನ ಅನ್ನುವುದು ಸಾಲದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ನಲ್ಲಿ ಇರುತ್ತದೆ. ಫ್ಲೆಕ್ಸಿನಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ ಪಾಪ.

ಸೇರಲೇಬೇಕು ಅನ್ನುವವರು ಉಲ್ಟಾ ಕಡೆಯಿಂದ ಬನ್ನಿ. ಮೊದಲು ಜಾಬ್ ಪೋರ್ಟಲ್ ತೆಗೆದು 0-2 ವರ್ಷದ ಅನುಭವ ಕೇಳುವ ಮೂವತ್ತು ಜಾಹೀರಾತು ಓದಿ, ಏನೇನು ಕೇಳಿದ್ದಾರೆ ಅಂತ ಹಾಳೆಯ ಮೇಲೆ ಗೆರೆ ಹಾಕುತ್ತಾ ಎಣಿಸಿ. ಬಿಕಾಂ, ಟ್ಯಾಲಿ ಗೊತ್ತಿರುವವರು ಎಲ್ಲ ಬಿಟ್ಟು ರಿಯಾಕ್ಟಿಗೆ ಹಾರುವ ಬದಲು ಎಸ್‌ಕ್ಯೂಎಲ್, ಪವರ್ ಬಿಐ (ಡೇಟಾ ಹುಡುಕಿ ತೆಗೆಯುವುದೊಂದು, ಅದನ್ನು ಚಾರ್ಟ್ ಮಾಡಿ ತೋರಿಸುವುದೊಂದು) ಹಿಡಿದರೆ ಹಳೆಯ ವಿದ್ಯೆಯೂ ದುಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರಿಗೆ ನೆಟ್‌ವರ್ಕಿಂಗ್ ಹತ್ತಿರ. ಸಿಸಿಎನ್‌ಎ ಅನ್ನುವ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟಿಗೆ ಮೂರು ವರ್ಷ ಆಯುಸ್ಸು ಅನ್ನುವುದು ನೆನಪಿರಲಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ಲಿನಲ್ಲಿ ಐಐಟಿಯವರ ಪಾಠ ಪುಕ್ಕಟೆ ಇದೆ, ಎರಡು ವಾರ ಕೂತು ನೋಡಿ. ಪುಕ್ಕಟೆಯಲ್ಲಿ ಕೂರಲಾಗದ್ದು ಎಂಬತ್ತೆಂಟು ಸಾವಿರ ಕೊಟ್ಟರೂ ಕೂರಲಾಗದು. ಆಮೇಲೆ ಕೋರ್ಸಿನವರ ಡೆಮೊ ಕ್ಲಾಸಿಗೆ ಹೋಗಬೇಡಿ, ಅದು ಹೆಣ್ಣು ನೋಡುವ ದಿನದ ಉಪ್ಪಿಟ್ಟು. ನಡೆಯುತ್ತಿರುವ ಬ್ಯಾಚಿನ ಮೂರನೇ ವಾರದ ಕ್ಲಾಸಿನಲ್ಲಿ ಕೂರಿಸಿ ಅಂತ ಕೇಳಿ.

ಮತ್ತೆ, ‘ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ನಾವೇ ಕೊಡ್ತೀವಿ’ ಅಂದರೆ ಕುರ್ಚಿಯಿಂದ ಏಳಿ. ಕಂಪನಿಯವರು ಯುಎಎನ್ (ನಿಮ್ಮ ಪಿಎಫ್ ನಂಬರು) ಹಾಕಿ ಪಿಎಫ್ ಹಿಸ್ಟರಿ ನೋಡುತ್ತಾರೆ. ಎರಡು ವರ್ಷ ಒಂದು ರೂಪಾಯಿ ಪಿಎಫ್ ಬೀಳದ ಸಾಫ್ಟ್‌ವೇರ್ ಎಂಜಿನಿಯರ್ ಯಾರಪ್ಪ ಅಂತ ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಲೆಟರ್ ಕೊಟ್ಟವರು ಅಷ್ಟೊತ್ತಿಗೆ ಹೆಸರು ಬದಲಿಸಿ ಹೊಸ ಫ್ಲೆಕ್ಸ್ ಕಟ್ಟಿಸುತ್ತಿರುತ್ತಾರೆ.

ಹಳೆಯ ಫ್ಲೆಕ್ಸ್ ಮಾತ್ರ ದಂಡವಾಗುವುದಿಲ್ಲ. ಕೊಯ್ಲಿನ ಹೊತ್ತಿಗೆ ರಸ್ತೆ ಬದಿಯಲ್ಲಿ ಒಣಹಾಕಿದ ಮೆಕ್ಕೆಜೋಳದ ರಾಶಿ ನೋಡಿ. ಮೋಡ ಕವಿದರೆ ಮೇಲೆ ಹೊದಿಸುವುದು ಅದನ್ನೇ, ನಾಲ್ಕೂ ಮೂಲೆಗೆ ಕಲ್ಲಿಟ್ಟು. ಕೋಟಿನ ಬಿಳಿಯ ಆಕಾಶ ನೋಡಿಕೊಂಡು ನಗುತ್ತಾ ಮಲಗಿರುತ್ತಾನೆ.