ದಿನ ತುಂಬದ ಹೆರಿಗೆಗೆ ಕೊಡ ಎತ್ತಿದ್ದು ಕಾರಣವಲ್ಲ

ಎಂಟು ತಿಂಗಳಿಗೇ ಹೆರಿಗೆ ಆಯಿತು ಎಂದ ಕೂಡಲೇ ಮನೆಯಲ್ಲಿ ವಿಚಾರಣೆ ಶುರು. ಕೊಡ ಎತ್ತಿದಳಾ? ಪಪ್ಪಾಯಿ ತಿಂದಳಾ? ಬಸ್ಸಲ್ಲಿ ತವರಿಗೆ ಹೋಗಿದ್ದು ಯಾಕೆ? ಕೇಳಬೇಕಿದ್ದ ಎರಡು ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ: ಅವಳ ತಾಯಿಯ ಹೆರಿಗೆಗಳು ಎಷ್ಟು ವಾರಕ್ಕೆ ಆಗಿದ್ದವು? ಬಸುರಿಯಲ್ಲಿ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಮಾಡಿಸಿದ್ದರಾ?

37 ವಾರ ತುಂಬುವ ಮುಂಚೆ ಹುಟ್ಟಿದ ಮಗುವೆಲ್ಲ ಅವಧಿಪೂರ್ವ ಮಗುವೇ. 2020ರಲ್ಲಿ ಜಗತ್ತಿನಲ್ಲಿ ಅಂಥ ಮಕ್ಕಳು ಸುಮಾರು 1.34 ಕೋಟಿ, ಅದರಲ್ಲಿ ಭಾರತದ ಪಾಲು 30 ಲಕ್ಷ, ಬೇರೆಲ್ಲ ದೇಶಗಳಿಗಿಂತ ಹೆಚ್ಚು. ಬಿಪಿ ಏರಿತೆಂದು ವೈದ್ಯರೇ ಬೇಗ ಹೆರಿಗೆ ಮಾಡಿಸಿದ್ದು, ಅವಳಿ ಮಕ್ಕಳದ್ದು ಬೇರೆ ಲೆಕ್ಕ. ನಾನು ಹೇಳುತ್ತಿರುವುದು ತಾನಾಗಿಯೇ ನೋವು ಬಂದದ್ದು ಅಥವಾ ನೀರು ಹೋದದ್ದರ ಬಗ್ಗೆ.

ಮೊದಲು ವಂಶದ ಮಾತು. ಅವಳಿಗಳು, ಅಕ್ಕತಂಗಿಯರು, ಕುಟುಂಬಗಳನ್ನು ಹಿಡಿದು ನಡೆದ ಅಧ್ಯಯನಗಳ ಪ್ರಕಾರ ಹೆರಿಗೆ ಯಾವಾಗ ಆಗುತ್ತದೆ ಎನ್ನುವುದರಲ್ಲಿ ಜೀನ್‌ಗಳ ಪಾಲು ಶೇ. 25ರಿಂದ 40. ಅದರಲ್ಲೂ ತಾಯಿಯ ಕಡೆಯದೇ ಹೆಚ್ಚು, ಗಂಡನ ಕಡೆಯದು ತೀರಾ ಕಡಿಮೆ. ಹಾಗಾಗಿ ಈ ವಿಷಯದಲ್ಲಿ ಅತ್ತೆಯ ಬಾಣಂತನದ ಕಥೆಗಿಂತ ಅಮ್ಮನದು, ಅಕ್ಕನದು ಮುಖ್ಯ. 2017ರಲ್ಲಿ ಯುರೋಪ್ ಮೂಲದ 43 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಹುಡುಕಿದಾಗ ಇಬಿಎಫ್1, ಇಇಎಫ್‌ಎಸ್‌ಇಸಿ, ಎಜಿಟಿಆರ್2 ಎಂಬ ಜೀನ್‌ಗಳ ಆಸುಪಾಸಿನ ವ್ಯತ್ಯಾಸಗಳಿಗೂ ಹೆರಿಗೆಯ ಸಮಯಕ್ಕೂ ನಂಟು ಸಿಕ್ಕಿತು. ಎರಡನೆಯದು ದೇಹ ಸೆಲೆನಿಯಂ ಎಂಬ ಖನಿಜಾಂಶ ಬಳಸಿಕೊಳ್ಳುವ ಕೆಲಸದ್ದು. ಹಾಗೆಂದು ಸೆಲೆನಿಯಂ ಮಾತ್ರೆ ನುಂಗಿದರೆ ಹೆರಿಗೆ ಮುಂದೆ ಹೋಗುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ನಮ್ಮ ದೇಶದಲ್ಲೂ 2015ರಿಂದ ಗುರುಗ್ರಾಮದ ಸಿವಿಲ್ ಆಸ್ಪತ್ರೆಯಲ್ಲಿ 'ಗರ್ಭಿಣಿ' ಅಧ್ಯಯನ ನಡೆಯುತ್ತಿದೆ. ಭಾರತೀಯ ಹೆಂಗಸರಲ್ಲಿ ಇಂಥ 19 ವ್ಯತ್ಯಾಸಗಳನ್ನು ಗುರುತಿಸಿದೆ. ಆದರೆ ಒಂದೊಂದು ವ್ಯತ್ಯಾಸದ ಪ್ರಭಾವವೂ ಚಿಕ್ಕದು. ಇದನ್ನೇ ತೋರಿಸಿ ಯಾರಾದರೂ ಜೀನ್ ಟೆಸ್ಟಿನ ಪ್ಯಾಕೇಜ್ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ.

ಪುಕ್ಕಟೆ ಪರೀಕ್ಷೆಯೊಂದಿದೆ, ಅದು ಸರಿಯಾಗಿ ಕೇಳುವುದು. ಹಿಂದಿನ ಹೆರಿಗೆ ಎಷ್ಟು ವಾರಕ್ಕೆ ಆಯಿತು? ತಿಂಗಳ ಲೆಕ್ಕ ಬೇಡ, ಅದರಲ್ಲಿ ಎರಡು ವಾರ ಆಚೀಚೆ ಆಗಿಬಿಡುತ್ತದೆ. ನೋವು ಮೊದಲು ಬಂತಾ, ನೀರು ಮೊದಲು ಹೋಯಿತಾ? ನಾಲ್ಕೈದನೇ ತಿಂಗಳಲ್ಲಿ ಹೆಚ್ಚು ನೋವಿಲ್ಲದೆ ಮಗು ಹೋದದ್ದುಂಟಾ? ಒಮ್ಮೆ ಬೇಗ ಹೆತ್ತವಳಿಗೆ ಮತ್ತೆ ಹಾಗಾಗುವ ಸಾಧ್ಯತೆ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು. ಅಂಥವರಿಗೆ 18ರಿಂದ 24 ವಾರದೊಳಗೆ ಗರ್ಭಕೋಶದ ಬಾಯಿಯ ಉದ್ದವನ್ನು ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಅಳೆಯಬೇಕು, ಅದೂ ಮೂತ್ರ ಮಾಡಿ ಬಂದ ಮೇಲೆ. ನೀರು ಕುಡಿಸಿ ಹೊಟ್ಟೆ ಮೇಲಿಂದ ನೋಡಿದರೆ ತುಂಬಿದ ಮೂತ್ರಕೋಶ ಒತ್ತಿ, ಗಿಡ್ಡ ಇರುವುದೂ ಉದ್ದ ಕಾಣುತ್ತದೆ. 25 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರಾತ್ರಿ ಯೋನಿಯೊಳಗೆ ಇಡುವ 200 ಮಿಲಿಗ್ರಾಂ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು, ಕೆಲವರಿಗೆ ಗರ್ಭಕೋಶದ ಬಾಯಿಗೆ ಹೊಲಿಗೆ. ವಾರಕ್ಕೊಂದು ಹಾಕುತ್ತಿದ್ದ ಹೈಡ್ರಾಕ್ಸಿಪ್ರೊಜೆಸ್ಟೆರಾನ್ ಇಂಜೆಕ್ಷನ್ನಿಗೆ ಅಮೆರಿಕ 2023ರಲ್ಲಿ ಅನುಮತಿ ಹಿಂತೆಗೆದುಕೊಂಡಿತು, ಪ್ರಯೋಜನ ಕಾಣಲಿಲ್ಲವೆಂದು. ಹಾಸಿಗೆ ಹಿಡಿದು ಮಲಗುವುದರಿಂದಲೂ ಹೆರಿಗೆ ಮುಂದೆ ಹೋಗುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ.

ಇನ್ನು ಸೋಂಕು. ಬ್ಯಾಕ್ಟೀರಿಯಾ ಹೆಚ್ಚಾಗಿ ಕೆಳಗಿನಿಂದ ಮೇಲೆ ಏರುತ್ತದೆ: ಯೋನಿ, ಗರ್ಭಕೋಶದ ಬಾಯಿ, ನೀರಿನ ಚೀಲದ ಪೊರೆ. ಹೆರಿಗೆ ತರಿಸುವುದು ಆ ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಅದಕ್ಕೆ ತಾಯಿಯ ದೇಹ ಕೊಡುವ ಉತ್ತರ. ಉರಿಯೂತದ ರಾಸಾಯನಿಕಗಳು ಏರಿ, ನೋವು ತರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟಿ ಗರ್ಭಕೋಶ ಬಿಗಿಯತೊಡಗುತ್ತದೆ. ಪೊರೆಗೆ ಗಟ್ಟಿತನ ಕೊಡುವ ಕೊಲ್ಯಾಜೆನ್ ನಾರು ಕರಗಿ ನೀರು ಹೋಗುತ್ತದೆ. ಆ ಉತ್ತರ ಎಷ್ಟು ಜೋರು ಎಂಬುದರಲ್ಲಿ ಜೀನ್‌ಗಳ ಕೈವಾಡವೂ ಇದೆ. ಉರಿಯೂತದ ಟಿಎನ್‌ಎಫ್ ಜೀನ್‌ನ ಒಂದು ರೂಪದ ಜೊತೆ ಯೋನಿಯ ಬ್ಯಾಕ್ಟೀರಿಯಾ ಏರುಪೇರೂ ಇದ್ದವರಲ್ಲಿ ಅಪಾಯ ಹೆಚ್ಚೆಂದು 2004ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಒಂದೇ ಸೋಂಕಿಗೆ ಒಬ್ಬಳು ದಿನ ತುಂಬಿ ಹೆತ್ತು ಇನ್ನೊಬ್ಬಳು 30 ವಾರಕ್ಕೆ ಹೆರುವುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ತಾಯಿ ಕಾರ್ಡಿನಲ್ಲಿ 'ಯೂರಿನ್ ನಾರ್ಮಲ್' ಎಂದಿದ್ದರೆ ಸೋಂಕಿಲ್ಲ ಎಂದುಕೊಳ್ಳುವವರೇ ಬಹಳ. ಪಟ್ಟಿ ಅದ್ದಿ ನೋಡಿದ್ದು ಹೆಚ್ಚಾಗಿ ಆಲ್ಬುಮಿನ್ (ಒಂದು ಪ್ರೋಟೀನ್) ಮತ್ತು ಸಕ್ಕರೆ ಮಾತ್ರ. ಉರಿ, ಜ್ವರ ಏನೂ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರಬಹುದು. ಬಿಟ್ಟರೆ ಅಂಥವರಲ್ಲಿ ಸುಮಾರು ಕಾಲು ಭಾಗದವರಿಗೆ ಅದು ಕಿಡ್ನಿಗೆ ಏರುತ್ತದೆ. 12ರಿಂದ 16 ವಾರದೊಳಗೆ ಒಂದು ಕಲ್ಚರ್ ಸಾಕು, ಆದರೆ ಸರಿಯಾಗಿ ಕೊಡಬೇಕು. ಮುಂದಿನಿಂದ ಹಿಂದಕ್ಕೆ ತೊಳೆದುಕೊಂಡು, ಮೊದಲ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನ ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯಬೇಕು. ಮನೆಯ ಹಾರ್ಲಿಕ್ಸ್ ಬಾಟಲಿ ಎಷ್ಟು ತೊಳೆದರೂ ಆಗದು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ಬಿಸಿಲಲ್ಲಿ ಬ್ಯಾಗಿನೊಳಗಿದ್ದರೆ ನಾಲ್ಕಿದ್ದ ಬ್ಯಾಕ್ಟೀರಿಯಾ ನಾಲ್ಕು ಸಾವಿರವಾಗಿ ರಿಪೋರ್ಟ್ ಕೆಡುತ್ತದೆ. ಒಂದೇ ಜಾತಿಯದು ಮಿಲಿಲೀಟರಿಗೆ 1 ಲಕ್ಷ ಅಥವಾ ಮೇಲೆ ಬಂದರೆ ಔಷಧಿ ಬೇಕು, ಸಾಮಾನ್ಯವಾಗಿ 7 ದಿನ, ಮುಗಿದ ವಾರಕ್ಕೆ ಮತ್ತೊಂದು ಕಲ್ಚರ್. 'ಹಲವು ಜಾತಿ ಬೆಳೆದಿವೆ' ಎಂದು ಬಂದರೆ ಹೆಚ್ಚಾಗಿ ಹಿಡಿದದ್ದು ಸರಿಯಾಗಿಲ್ಲ, ಮತ್ತೆ ಕೊಡಿ.

ಬಿಳಿ ಹೋಗುವುದೆಲ್ಲ ಸೋಂಕಲ್ಲ, ಬಸುರಿಯಲ್ಲಿ ಅದು ಸಹಜವಾಗಿಯೇ ಹೆಚ್ಚು. ಮೀನಿನ ವಾಸನೆ, ತೆಳ್ಳಗಿನ ಬೂದು ಬಣ್ಣ ಇದ್ದರೆ ತೋರಿಸಿ, ಔಷಧಿ ತೆಗೆದುಕೊಳ್ಳಿ. ತೊಂದರೆಯೂ ಇಲ್ಲದೆ, ಹಿಂದೆ ಬೇಗ ಹೆತ್ತ ಇತಿಹಾಸವೂ ಇಲ್ಲದವರಲ್ಲಿ ಯೋನಿಯ ಈ ಏರುಪೇರನ್ನು ಹುಡುಕಿ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲಿ ಲಾಭ ಸಿಗಲಿಲ್ಲ. ವಸಡಿನ ರೋಗವೂ ಹಾಗೆ: ನಂಟಿದೆ, ಆದರೆ ಬಸುರಿಯಲ್ಲಿ ಹಲ್ಲು ಸ್ವಚ್ಛ ಮಾಡಿಸಿದ್ದರಿಂದ ಬೇಗ ಹೆರಿಗೆ ಕಡಿಮೆಯಾಗಲಿಲ್ಲ. ಹಲ್ಲಿಗಾಗಿ ಮಾಡಿಸಿ, ಅಷ್ಟೇ.

ನನಗೆ ಸಿಟ್ಟು ಬರುವುದು 'ಯಾವುದಕ್ಕೂ ಇರಲಿ' ಎಂದು ಆ್ಯಂಟಿಬಯಾಟಿಕ್ ಬರೆಯುವುದಕ್ಕೆ. 2001ರ ಬ್ರಿಟನ್ನಿನ ಒರಾಕಲ್ ಪ್ರಯೋಗ ಇದನ್ನು ಸ್ಪಷ್ಟ ಮಾಡಿತ್ತು. ನೀರು ಹೋದವರಿಗೆ ಎರಿಥ್ರೊಮೈಸಿನ್, 250 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, 10 ದಿನ ಕೊಟ್ಟರೆ ಒಳ್ಳೆಯದು. ಅದೇ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಕೊಟ್ಟಾಗ ಮಗುವಿನ ಕರುಳು ಕೊಳೆಯುವ ರೋಗ ಹೆಚ್ಚಾಯಿತು. ನೀರು ಹೋಗದೆ ಬರೀ ನೋವಿದ್ದ, ಸೋಂಕಿನ ಲಕ್ಷಣವಿಲ್ಲದವರಿಗೆ ಆ್ಯಂಟಿಬಯಾಟಿಕ್ ಕೊಟ್ಟು ಲಾಭವಾಗಲಿಲ್ಲ. ಆ ಮಕ್ಕಳನ್ನು ಏಳು ವರ್ಷಕ್ಕೆ ನೋಡಿದಾಗ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲುಗಳ ಚಲನೆ ಕುಂದುವುದು) ಹೆಚ್ಚಿತ್ತು.

34 ವಾರದೊಳಗೆ ನೋವು ಅಥವಾ ನೀರು ಶುರುವಾದರೆ ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಮಗುವಿನ ಶ್ವಾಸಕೋಶಕ್ಕಾಗಿ ತಾಯಿಗೆ ಕೊಡುವ ಡೆಕ್ಸಾಮೆಥಸೋನ್: 6 ಮಿಲಿಗ್ರಾಂ, 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಮೊದಲನೆಯದನ್ನು ಎಎನ್‌ಎಂ (ಊರಿನ ಆರೋಗ್ಯ ಕೇಂದ್ರದ ನರ್ಸ್) ಕೂಡ ಹಾಕಬಹುದು ಎಂದು ಕೇಂದ್ರದ 2014ರ ಮಾರ್ಗಸೂಚಿ ಹೇಳುತ್ತದೆ. ಆಂಬುಲೆನ್ಸ್ ಹತ್ತುವ ಮುಂಚೆಯೇ ಕೇಳಿ, ಕೊಟ್ಟ ಗಂಟೆಯನ್ನು ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.