ಹುಡುಗಿಯರಿಗೇ ಅಂತ ಬೇರೆ ಮ್ಯೂಸಿಕ್ ಸೊಸೈಟಿ ಯಾಕೆ?

ಅಕ್ಕನ ಮಗಳು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಓದುವುದು ಬೇರೇನೋ, ಜೀವ ಎಲ್ಲ ವಯೊಲಿನ್ ಮೇಲೆ. ಅಲ್ಲಿ ವಿದ್ಯಾರ್ಥಿನಿಯರೇ ಸೇರಿ ನಡೆಸುವ ಸಂಗೀತ ಸೊಸೈಟಿಗೆ ಸೇರಿಕೊಂಡಿದ್ದಾಳೆ. ಮೊಜಾರ್ಟ್, ಬೀಥೊವನ್ ಇವರ ತಂಟೆಗೆ ಅವರು ಹೋಗುವುದಿಲ್ಲ. ಈಗ ಬದುಕಿರುವ, ಇಲ್ಲಾ ಮೊನ್ನೆ ಮೊನ್ನೆವರೆಗೆ ಬದುಕಿದ್ದ ಹೆಂಗಸರು ಬರೆದ ಸಂಗೀತವನ್ನು ಮಾತ್ರ ನುಡಿಸುತ್ತಾರೆ. ಮನೆಯ ವಾಟ್ಸಾಪ್ ಗ್ರೂಪಿಗೆ ಅವಳು ಕಛೇರಿಯ ಪೋಸ್ಟರ್ ಹಾಕಿದ್ದೇ ತಡ, ಎಲ್ಲರದ್ದೂ ಒಂದೇ ರಾಗ. ಹುಡುಗಿಯರಿಗೇ ಅಂತ ಬೇರೆ ಸೊಸೈಟಿ ಯಾಕಮ್ಮಾ? ಸಂಗೀತಕ್ಕೂ ಗಂಡು ಹೆಣ್ಣು ಅಂತ ಇದೆಯಾ?

ಸಂಗೀತಕ್ಕೆ ಇಲ್ಲ, ನಿಜ. ಕಾರ್ಯಕ್ರಮ ಗೊತ್ತು ಮಾಡುವವರಿಗೆ ಇದೆ, ಅಚ್ಚು ಹಾಕುವವರಿಗೆ ಇದೆ, ಸ್ಕಾಲರ್‌ಶಿಪ್ ಕೊಡುವವರಿಗೆ ಇದೆ. ಗ್ರೂಪಿನಲ್ಲಿ ಇಷ್ಟುದ್ದ ಬರೆದರೆ ಯಾರೂ ಓದುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ.

1920ರ ದಶಕದ ಕೊನೆಯ ಲಂಡನ್. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಎಲಿಜಬೆತ್ ಮಕಾಂಕಿ ಅಂತ ಒಬ್ಬ ಹುಡುಗಿ ಓದುತ್ತಿದ್ದಳು. ಆಗಿನ ಹೆಸರಾಂತ ಇಂಗ್ಲಿಷ್ ಸಂಯೋಜಕ ವಾನ್ ವಿಲಿಯಮ್ಸ್ ಅವಳ ಗುರು. ಆ ಬ್ಯಾಚಿನ ಗಟ್ಟಿ ವಿದ್ಯಾರ್ಥಿಗಳಲ್ಲಿ ಒಬ್ಬಳು. ದೊಡ್ಡದೊಂದು ಸ್ಕಾಲರ್‌ಶಿಪ್ ಕೈಗೆ ಬಂದೇಬಿಟ್ಟಿತು ಅನ್ನುವಾಗ ತಪ್ಪಿಹೋಯಿತು. ಕೊಟ್ಟಿದ್ದರೂ ನೀನು ಮದುವೆಯಾಗಿ ಮತ್ತೊಂದು ಸ್ವರ ಬರೆಯುತ್ತಿರಲಿಲ್ಲ ಎಂದು ಕಾಲೇಜಿನ ಮುಖ್ಯಸ್ಥರೇ ಹೇಳಿದರಂತೆ. ಇದನ್ನು ಮುಂದೆ ಹೇಳಿಕೊಂಡದ್ದು ಮಕಾಂಕಿಯೇ. ಅವಳೇನೋ 1930ರಲ್ಲಿ ಮದುವೆಯಾದಳು. ಅದೇ ತಿಂಗಳು ಕಂಡಕ್ಟರ್ ಹೆನ್ರಿ ವುಡ್ ಅವಳ ಆರ್ಕೆಸ್ಟ್ರಾ ಕೃತಿಯನ್ನು ಪ್ರಾಮ್ಸ್ ಅನ್ನುವ ಲಂಡನ್ನಿನ ದೊಡ್ಡ ಸಂಗೀತೋತ್ಸವದಲ್ಲಿ ನುಡಿಸಿದರು. ಎರಡು ವರ್ಷಕ್ಕೆ ಕ್ಷಯ ಹಿಡಿಯಿತು. ಅದನ್ನೂ ಗೆದ್ದು, 13 ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋ ಸೇರಿ ನುಡಿಸುವ ಕೃತಿ) ಬರೆದಳು. ಮಗಳು ನಿಕೋಲಾ ಲೆಫಾನು ಕೂಡ ಸಂಯೋಜಕಿ. "ಮತ್ತೊಂದು ಸ್ವರ ಬರೆಯುವುದಿಲ್ಲ" ಅಂದಿದ್ದರಲ್ಲ, ಪಾಪ!

ನಾನು ಹೇಳಬೇಕೆಂದಿರುವುದು ಅವಳ ಸುತ್ತ ಇದ್ದವರ ಬಗ್ಗೆ. ಬರೆಯುವವರು ಬರೆಯುತ್ತಾರೆ, ನುಡಿಸುವವರು ಯಾರು? ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದಿಂದ 1920ರಲ್ಲಿ ಹೆಂಗಸರನ್ನೆಲ್ಲ ಹೊರಗೆ ಕಳಿಸಿದ್ದ ಕಾಲ ಅದು. ಆಗ 1931ರಲ್ಲಿ ಮೂವರು ಹುಡುಗಿಯರು ಸೇರಿದರು. ವಯೊಲಿನ್ ನುಡಿಸುವ ಆನ್ ಮ್ಯಾಕ್ನಾಟನ್, ಕಂಡಕ್ಟರ್ ಐರಿಸ್ ಲೆಮೇರ್, ಸಂಯೋಜಕಿ ಎಲಿಸಬೆತ್ ಲುಟಿಯನ್ಸ್. ಹೌದು, ಅದೇ ಲುಟಿಯನ್ಸ್. ನಮ್ಮ ಹೊಸ ದೆಹಲಿ ಕಟ್ಟಿದವರ ಮಗಳು. ಅಪ್ಪನ ಹೆಸರು ನಮ್ಮ ಟೀವಿ ಚರ್ಚೆಗಳಲ್ಲಿ ದಿನಾ ಕೇಳಿಸುತ್ತದೆ, ಮಗಳ ಒಂದು ಸ್ವರವನ್ನೂ ನಾವು ಕೇಳಿಲ್ಲ.

ಮೂವರಲ್ಲಿ ಯಾರಿಗೂ 30 ತುಂಬಿರಲಿಲ್ಲ. ನಾಟಿಂಗ್ ಹಿಲ್ ಗೇಟ್‌ನಲ್ಲಿ ಬ್ಯಾಲೆ ಕ್ಲಬ್ಬಿನವರದ್ದೊಂದು ಪುಟ್ಟ ಥಿಯೇಟರ್ ಇತ್ತು. ಮುಂದೆ ಅದಕ್ಕೆ ಮರ್ಕ್ಯುರಿ ಥಿಯೇಟರ್ ಅಂತ ಹೆಸರಾಯಿತು. ನಮ್ಮ ಮದುವೆ ಛತ್ರದ ಊಟದ ಹಾಲ್‌ನಷ್ಟೂ ಜನ ಹಿಡಿಸದ ಜಾಗ. ಅಲ್ಲಿ ಹೊಸಬರ ಸಂಗೀತದ ಕಛೇರಿ ಶುರು ಮಾಡಿದರು. ಮ್ಯಾಕ್ನಾಟನ್ ಕಟ್ಟಿದ ಕ್ವಾರ್ಟೆಟ್ ತಂಡದಲ್ಲಿ ನಾಲ್ವರೂ ಹೆಂಗಸರು. ಲೆಮೇರ್ ಕೈಯಲ್ಲಿ ಕಂಡಕ್ಟರ್ ಕೋಲು. ಹೆಂಗಸು ಆರ್ಕೆಸ್ಟ್ರಾ ಮುಂದೆ ನಿಂತು ಕೋಲು ಆಡಿಸುವುದೇ ಆಗ ಜನ ಎದ್ದು ನೋಡುವಂಥ ವಿಷಯ. ಮಕಾಂಕಿ, ವೇಲ್ಸ್‌ನ ಗ್ರೇಸ್ ವಿಲಿಯಮ್ಸ್, ಖುದ್ದು ಲುಟಿಯನ್ಸ್ ಎಲ್ಲರ ಕೃತಿಗಳೂ ಅಲ್ಲಿ ಕೇಳಿಸಿದವು.

ಈಗ ಗ್ರೂಪಿನವರು ಗಮನವಿಟ್ಟು ಓದಬೇಕಾದ ಭಾಗ. 1933ರ ಜನವರಿ 31ರಂದು ಅದೇ ಪುಟ್ಟ ವೇದಿಕೆಯಲ್ಲಿ 19 ವರ್ಷದ ಹುಡುಗನೊಬ್ಬನ ಕೃತಿ ಮೊದಲ ಸಲ ಕೇಳಿಸಿತು. ಹತ್ತು ವಾದ್ಯಗಳಿಗೆ ಬರೆದ ಸಿನ್ಫೊನಿಯೆಟ್ಟಾ, ಅಂದರೆ ಪುಟ್ಟ ಸಿಂಫನಿ. ನಡೆಸಿದವಳು ಲೆಮೇರ್. ಹುಡುಗನ ಹೆಸರು ಬೆಂಜಮಿನ್ ಬ್ರಿಟನ್. ಅವನೂ ಮಕಾಂಕಿ ಓದಿದ ರಾಯಲ್ ಕಾಲೇಜಿನ ವಿದ್ಯಾರ್ಥಿ, ಅಲ್ಲಿ ಅವನ ಸಂಗೀತ ನುಡಿಸಿದ್ದು ತೀರಾ ಕಡಿಮೆ. ಮುಂದೆ ಇಂಗ್ಲೆಂಡಿನ ಅತಿ ದೊಡ್ಡ ಸಂಯೋಜಕರಲ್ಲಿ ಒಬ್ಬನಾದ. ಆ ಸಿನ್ಫೊನಿಯೆಟ್ಟಾಗೆ ಅವನು ಓಪಸ್ 1 (ಮೊದಲನೇ ಕೃತಿ) ಅಂತ ನಂಬರ್ ಕೊಟ್ಟ. ಅಂದರೆ, ತಮಗೆ ಜಾಗ ಸಿಗದ ಹೆಂಗಸರು ಮಾಡಿಕೊಂಡ ಜಾಗದಲ್ಲಿ ಈ ಹುಡುಗನಿಗೂ ಸೀಟು ಸಿಕ್ಕಿತು. "ಬೇರೆ ಸೊಸೈಟಿ ಯಾಕೆ" ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಹೊರಗೆ ನಿಂತವರು ಬಾಗಿಲು ಮಾಡಿದರೆ ಅದರಲ್ಲಿ ಯಾರು ಬೇಕಾದರೂ ಬರಬಹುದು. ಆದರೆ ಬ್ರಿಟನ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಲೆಮೇರ್ ಹೆಸರು ಒಂದು ಸಾಲಲ್ಲಿ ಮುಗಿಸುತ್ತಾರೆ. ಹಾಲ್ ಹಿಡಿದವರು, ವಾದಕರನ್ನು ಕೂಡಿಸಿದವರು, ಟಿಕೆಟ್ ಮಾರಿದವರು ಯಾವತ್ತೂ ಅಷ್ಟೇ ಅಲ್ವಾ?

ನಮ್ಮಲ್ಲೂ ಇದೇ ಕಾಲಕ್ಕೆ ಇಂಥದ್ದೊಂದು ನಡೆದಿದೆ. ಬೆಂಗಳೂರು ನಾಗರತ್ನಮ್ಮ ಸ್ವಂತ ದುಡ್ಡು ಹಾಕಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಅವರು ಹೆಂಗಸರದ್ದೇ ಒಂದು ಬಣ ಕಟ್ಟಿ ಹಾಡಿಸಿದರು. 1940ರ ದಶಕದ ಹೊತ್ತಿಗೆ ಬಣಗಳೆಲ್ಲ ಒಂದಾದವು. ಈಗ ಅಲ್ಲಿ ಪಂಚರತ್ನ ಹಾಡಲು ಕೂತ ಹೆಂಗಸರನ್ನು ನೋಡಿ ಯಾರೂ "ಇವರು ಯಾಕೆ" ಅನ್ನುವುದಿಲ್ಲ.

ಅಕ್ಕನ ಮಗಳ ಜೊತೆ ನನಗೊಂದು ತಕರಾರೂ ಇದೆ. ಲಂಡನ್ನಿನ ಆ ಮೂವರು ಗಂಡಸರ ಕೃತಿಗಳನ್ನೂ ನುಡಿಸಿದರು, ನೀವು ಯಾಕೆ ಬೇಡ ಅಂತೀರಿ ಅಂದೆ. "ಆಗ ಹೊಸ ಹುಡುಗರಿಗೂ ಜಾಗ ಇರಲಿಲ್ಲ ಮಾಮಾ, ಈಗ ಅವರಿಗೆ ಬೇಕಾದಷ್ಟಿದೆ" ಅಂದಳು. ಪೂರ್ತಿ ಒಪ್ಪಿಗೆ ಆಗಲಿಲ್ಲ. ಆದರೆ ಅವರು ಮಾಡುವ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಒಮ್ಮೆ ಎಲ್ಲೋ ನುಡಿಸಿ ಮೂಲೆಗೆ ಸೇರಿದ ಕೃತಿಗಳನ್ನು ಹುಡುಕಿ ಎರಡನೇ ಸಲ ನುಡಿಸುತ್ತಾರೆ. ಹೊಸ ಸಂಗೀತಕ್ಕೆ ಮೊದಲ ಪ್ರದರ್ಶನ ಹೇಗೋ ಸಿಕ್ಕಿಬಿಡುತ್ತದೆ. ಮೊದಲ ಸಲ ಅಂದರೆ ಪೇಪರಿನವರು ಬರುತ್ತಾರೆ, ಹಾರ ತುರಾಯಿ ಇರುತ್ತದೆ. ಎರಡನೇ ಸಲಕ್ಕೆ ಯಾರೂ ಇಲ್ಲ. ಕಿವಿಗೆ ಒಗ್ಗುವುದು ಮಾತ್ರ ಎರಡನೇ, ಮೂರನೇ ಸಲಕ್ಕೇ.

ಗ್ರೇಸ್ ವಿಲಿಯಮ್ಸ್ 1951ರಲ್ಲಿ, ನುಡಿಸಲು ಯೋಗ್ಯವಲ್ಲ ಅಂತ ತಾನೇ ತೀರ್ಮಾನಿಸಿ, ತನ್ನ ಎಷ್ಟೋ ಹಸ್ತಪ್ರತಿಗಳನ್ನು ನಾಶ ಮಾಡಿದಳು. ಅವು ಇನ್ನೊಂದೆರಡು ಸಲ ಯಾರದಾದರೂ ಕೈಯಲ್ಲಿ ನುಡಿದಿದ್ದರೆ ಹಾಗೆ ಮಾಡುತ್ತಿದ್ದಳಾ? ನನಗಂತೂ ಅನುಮಾನ.

ನಮ್ಮ ಕಾಲೇಜುಗಳಲ್ಲೂ ಸಂಗೀತ ಸಂಘಗಳಿವೆ, ಚೆನ್ನಾಗಿ ಹಾಡುವ ಹುಡುಗಿಯರಿಗೆ ಬರವಿಲ್ಲ. ವಾರ್ಷಿಕೋತ್ಸವ ಬಂತು ಅಂದರೆ ಮಾತ್ರ ಅದೇ ನಾಲ್ಕು ಕೃತಿ, ಅದೇ ಎರಡು ದೇವರನಾಮ, ಕೊನೆಗೊಂದು ತಿಲ್ಲಾನ. ಬೇಡ ಅನ್ನುತ್ತಿಲ್ಲ. ಅದರ ನಡುವೆ, ಅದೇ ಊರಿನಲ್ಲಿ ಈಗ ಸ್ವರ ಹಾಕುತ್ತಿರುವ ಯಾರದಾದರೂ ಒಂದು ಹೊಸ ರಚನೆ ಹಾಡಿಸಿ ನೋಡಿ ಅಂತ ಒಂದು ಕಡೆ ಹೇಳಿದ್ದೆ. "ಜನ ಕೂರಲ್ಲ ಸಾರ್" ಅಂದರು. ಕೂತವರು ಎಷ್ಟು ಜನ ಆ ತಿಲ್ಲಾನದವರೆಗೆ ಇರುತ್ತಾರೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಕೇಳುವ ಮನಸ್ಸಿದ್ದವರು ಮಕಾಂಕಿಯ ಮೂರನೇ ಕ್ವಾರ್ಟೆಟ್‌ನಿಂದ ಶುರು ಮಾಡಿ. ಒಂದೇ ಭಾಗ, ಹತ್ತು ನಿಮಿಷದ ಆಸುಪಾಸು, ಹುಡುಕಿದರೆ ನೆಟ್‌ನಲ್ಲೇ ಸಿಗುತ್ತದೆ. ನಾಲ್ಕು ವಾದ್ಯಗಳೂ ಒಂದರ ಮಾತಿಗೆ ಇನ್ನೊಂದು ಅಡ್ಡ ಬಾಯಿ ಹಾಕುತ್ತಾ ವಾದ ಮಾಡುತ್ತವೆ. ಮೊದಲ ಸಲಕ್ಕೆ ಇಷ್ಟ ಆಗದಿದ್ದರೆ ಬೈಯಬೇಡಿ, ಇನ್ನೊಂದು ಸಲ ಕೇಳಿ ಆಮೇಲೆ ಬೈಯಿರಿ.